ಮೂರನೇ ಸಲದ ಹೂಂ

ಗುರುವಾರ ಬೆಳಗ್ಗೆ ಹುಡುಗರು ಓಟ ಮುಗಿಸಿ ಬರುತ್ತಿದ್ದಾರೆನ್ನುವುದು ಮಾರ್ಲಿಸ್ ಎಂಗೆಬ್ರೆಟ್ಸನ್‌ಗೆ ಮೊದಲು ಕಿವಿಗೆ ತಿಳಿಯುತ್ತಿತ್ತು, ಆಮೇಲೆ ಕಣ್ಣಿಗೆ. ಬೀದಿಯ ತಿರುವಿನಲ್ಲಿ ಶೂಗಳ ಸದ್ದು, ಅದರ ಹಿಂದೆ ಯಾರದೋ ಕೇಕೆ, ಅದರ ಹಿಂದೆ ಇನ್ಯಾರದೋ ಕೆಮ್ಮು. ಅವಳು ಕಾವಲಿಗೆ ಬೆಣ್ಣೆ ಸವರಿ ಮೊದಲ ಸುತ್ತಿನ ಪ್ಯಾನ್‌ಕೇಕ್ ಹುಯ್ಯುವ ಹೊತ್ತಿಗೆ ಸರಿಯಾಗಿ ಗಂಡ ಕರ್ಟ್‌ನ ಹಳದಿ ಟೋಪಿ ಅಡುಗೆಮನೆಯ ಕಿಟಕಿಯಲ್ಲಿ ಹಾದುಹೋಗುತ್ತಿತ್ತು. ಅವನ ಬೆನ್ನಿಗೆ ಕಾಲೇಜಿನ ಹುಡುಗ ಹುಡುಗಿಯರ ಹಿಂಡು. ಕೆಂಪೇರಿದ ಮುಖ, ಹಣೆಗೆ ಅಂಟಿದ ಕೂದಲು, ಚಳಿಗೆ ಹೊಗೆಯಾಡುವ ಉಸಿರು. ಇದನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. ನೋಡಿ ಹೊಟ್ಟೆ ಉರಿಯತೊಡಗಿದ್ದು ಮಾತ್ರ ಈ ಸೆಪ್ಟೆಂಬರಿನಿಂದ.

ಮೊದಮೊದಲು ಅದು ಕಾಫಿಯಿಂದ ಬಂದ ಉರಿ ಅಂದುಕೊಂಡಳು. ಬರಿಹೊಟ್ಟೆಯಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟಳು. ಉರಿ ಬಿಡಲಿಲ್ಲ. ಹಿಂಡಿನ ತೀರಾ ಹಿಂದೆ, ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಎರಡು ಕೈಯನ್ನೂ ಗಾಳಿಯಲ್ಲಿ ಬೀಸುತ್ತ ಪಕ್ಕದ ಮನೆಯ ಜೀನಾ ಪೆಟ್ರಿಲ್ಲೊ ಕಿಟಕಿಯಲ್ಲಿ ಕಾಣಿಸಿಕೊಂಡಾಗಲೇ ಅದು ಭುಗ್ಗೆನ್ನುತ್ತದೆ ಎಂದು ಮಾರ್ಲಿಸ್‌ಗೆ ತಿಳಿಯಲು ಎರಡು ಮೂರು ಗುರುವಾರ ಬೇಕಾದವು. ಆ ಕಿತ್ತಳೆ ಅಂಗಿ ತನ್ನದಾಗಬೇಕಿತ್ತು. ಅದು ತನಗೆ ಬೇಕಿತ್ತು. ಹಾಗೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದು ಅವಳು ಹುಟ್ಟಿ ಬೆಳೆದ ರೀತಿಯಲ್ಲೇ ಇರಲಿಲ್ಲ.

ಹುಟ್ಟಿದ್ದು ಮಿನ್ನೆಸೋಟಾದ ದಕ್ಷಿಣಕ್ಕೆ, ಈ ಕಾಲೇಜೂರಿನಿಂದ ಅಷ್ಟೇನೂ ದೂರವಲ್ಲದ ಒಂದು ಹೈನುಮನೆಯಲ್ಲಿ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಮಾರ್ಲಿಸ್ ಮತ್ತು ತಂಗಿ ಜನೆಲ್. ಶಾಲೆಗೆ ಹೊರಡುವ ಮೊದಲು ಹಾಲು ಕರೆಯುವುದು, ಬಂದಮೇಲೆ ಕೊಟ್ಟಿಗೆ ಬಳಿಯುವುದು. ಬೇಲಿ ಹಾರಿದ ಕಡಸುಗಳನ್ನು ಅಟ್ಟಿಕೊಂಡು ಬರುವ ಕೆಲಸ ಯಾವಾಗಲೂ ಮಾರ್ಲಿಸ್‌ಳದು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ಅವಳು ಕುಯ್ಲಾದ ಜೋಳದ ಹೊಲದಲ್ಲಿ ಓಡುವುದನ್ನು ನೋಡಿ ಅಪ್ಪ ಹಾಲಿನ ಲಾರಿಯವನ ಹತ್ತಿರ, "ನೋಡಯ್ಯಾ, ಹೆಂಗೆ ಓಡ್ತಾಳೆ!" ಅನ್ನುತ್ತಿದ್ದನಂತೆ. ಮಗಳ ಹತ್ತಿರ ಅಂದಿರಲಿಲ್ಲ. ಅವಳ ಶಾಲೆಯಲ್ಲಿ ಓಟದ ತಂಡ ಇದ್ದದ್ದು ಹುಡುಗರಿಗೆ. ಹುಡುಗಿಯರು ಪಕ್ಕದಲ್ಲಿ ನಿಂತು ಕೂಗಬಹುದಿತ್ತು. ಅವಳು ಶಾಲೆ ಬಿಟ್ಟ ಮರುವರ್ಷ ಹುಡುಗಿಯರಿಗೂ ತಂಡ ಮಾಡಿದರು. ಜನೆಲ್ ಸೇರಿದಳು. ಮಾರ್ಲಿಸ್‌ಳಷ್ಟು ಓಡಲಾರದ ಜನೆಲ್, ದಮ್ಮು ಕಟ್ಟಿ ಕೂರುತ್ತಿದ್ದ ಜನೆಲ್, ಎದೆಯ ಮೇಲೆ ಶಾಲೆಯ ಅಕ್ಷರ ಹೊಲಿದ, ತಂಡದವರಿಗಷ್ಟೇ ಸಿಗುವ ಜಾಕೆಟ್ ತೊಟ್ಟು ಮನೆಗೆ ಬಂದಳು. ಅವಳು ಅಭ್ಯಾಸಕ್ಕೆ ಹೋದ ಸಂಜೆಗಳಲ್ಲಿ ಅವಳ ಪಾಲಿನ ಹಸುಗಳನ್ನೂ ಕರೆದದ್ದು ಅಕ್ಕ.

ಅಮ್ಮ ಹೆಣ್ಣುಮಕ್ಕಳಿಬ್ಬರಿಗೂ ಕಲಿಸಿದ ಒಂದು ನಡತೆಯಿತ್ತು. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ, ಸುಮ್ಮನೆ ತೊಂದರೆ ತಗೋಬೇಡಿ ಅನ್ನಬೇಕು. ಮೂರನೇ ಸಲ ಕೇಳಿದರೆ, ಸರಿ, ನೀವು ಅಷ್ಟು ಹೇಳ್ತೀರಿ ಅಂದಮೇಲೆ ಸ್ವಲ್ಪವೇ ಸ್ವಲ್ಪ ಅನ್ನಬೇಕು. ಕೇಳುವವರೂ ಅದೇ ಊರಿನವರಾದ್ದರಿಂದ ಮೂರು ಸಲ ಕೇಳಿಯೇ ಕೇಳುತ್ತಿದ್ದರು. ಚರ್ಚಿನ ನೆಲಮಾಳಿಗೆಯ ಊಟದಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಬ್ಬರು ಅದನ್ನು ಅರ್ಧ ಮಾಡಿ ತೆಗೆದುಕೊಂಡರೆ ಇನ್ನೊಬ್ಬರು ಉಳಿದ ಅರ್ಧವನ್ನು ಅರ್ಧ ಮಾಡುತ್ತಿದ್ದರು, ಕೊನೆಗೆ ಇರುವೆಗಾಗುವಷ್ಟು ಉಳಿಯುತ್ತಿತ್ತು.

ಕರ್ಟ್ ಅವಳನ್ನು ಮದುವೆಗೆ ಕೇಳಿದ್ದೂ ಹಾಗೆಯೇ. ಮೊದಲ ಸಲ ಕಾರಿನಲ್ಲಿ. "ಅಯ್ಯೋ, ನಿನಗೆ ಇನ್ಯಾರಾದ್ರೂ ಒಳ್ಳೆಯವರು ಸಿಗ್ತಾರೆ ಬಿಡು," ಅಂದಿದ್ದಳು. ಎರಡನೇ ಸಲ ಚರ್ಚಿನ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ. "ಯಾಕೆ ಸುಮ್ನೆ ತೊಂದ್ರೆ," ಅಂದಳು. ಮೂರನೇ ಸಲ ಅವಳ ದೊಡ್ಡಪ್ಪನ ಅಂತ್ಯಕ್ರಿಯೆಯ ಊಟದಲ್ಲಿ, ಕೈಯಲ್ಲಿ ಆಲೂಗಡ್ಡೆಯ ತಟ್ಟೆ ಹಿಡಿದುಕೊಂಡು ಕೇಳಿದ. "ಸರಿ, ನೀನು ಇಷ್ಟು ಹೇಳ್ತೀಯ ಅಂದ್ಮೇಲೆ," ಅಂದಳು. ಆ ಕಥೆಯನ್ನು ಕರ್ಟ್ ಈಗಲೂ ಹುಡುಗರಿಗೆ ಹೇಳಿ ನಗಿಸುತ್ತಾನೆ.

ಗುರುವಾರದ ಓಟ ಶುರುವಾದದ್ದು ಕರ್ಟ್‌ನದೇ ತಲೆನೋವಿನಿಂದ. ಅವನು ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ಬೆಳಗಿನ ತರಗತಿಯಲ್ಲಿ ಹುಡುಗರು ಬಂಡೆಗಳಿಗಿಂತ ಗಟ್ಟಿಯಾಗಿ ನಿದ್ದೆ ಹೊಡೆಯುತ್ತಾರೆ ಎಂದು ಗೊಣಗುತ್ತಿದ್ದ. ಗುರುವಾರ ಬೆಳಗ್ಗೆ ನನ್ನ ಜೊತೆ ಓಡೋಕೆ ಬನ್ನಿ ಎಂದು ಕರೆದ. ಒಂದು ನರಪಿಳ್ಳೆಯೂ ಬರಲಿಲ್ಲ. "ತಿನ್ನೋಕೆ ಏನಾದ್ರೂ ಇದೆ ಅಂದ್ರೆ ಬರಬಹುದೇನೋ," ಎಂದದ್ದು ಮಾರ್ಲಿಸ್. ಮುಂದಿನ ವಾರ ನಾಲ್ಕು ಜನ ಬಂದರು. ಚಳಿಗಾಲದ ಹೊತ್ತಿಗೆ ಅವರ ಊಟದ ಮೇಜು ಸಾಲದಾಯಿತು.

ಅಂದಿನಿಂದ ಗುರುವಾರ ಅಂದರೆ ಕರ್ಟ್‌ಗೆ ಒಂದು ಬೆಳಗು, ಮಾರ್ಲಿಸ್‌ಗೆ ಒಂದೂವರೆ ದಿನ. ಬುಧವಾರ ಮಧ್ಯಾಹ್ನ ಮೊಟ್ಟೆ, ಮಜ್ಜಿಗೆ, ಬೆಣ್ಣೆ ತರಬೇಕು. ಸಂಜೆ ಹಿಟ್ಟು ಜರಡಿ ಹಿಡಿದಿಡಬೇಕು, ಮಹಡಿಯಿಂದ ಕುರ್ಚಿ ಇಳಿಸಬೇಕು, ಕೆಳಗಿನ ಬಚ್ಚಲಿನಲ್ಲಿ ಟವೆಲ್ ಇಡಬೇಕು. ಬೆಳಗ್ಗೆ ಹಿಟ್ಟು ಕಲಸಿ ಕಾವಲಿಯ ಮುಂದೆ ನಿಲ್ಲಬೇಕು. ಅವರು ತಿಂದು ತರಗತಿಗೆ ಓಡಿದ ಮೇಲೆ ತಟ್ಟೆ, ಮೇಪಲ್ ಪಾಕ ಅಂಟಿದ ಮೇಜು, ಕೆಸರಿನ ಹೆಜ್ಜೆ, ಬಚ್ಚಲ ನೆಲದಲ್ಲಿ ಕರ್ಟ್‌ ಬಿಚ್ಚಿ ಬಿಸಾಕಿದ ಒದ್ದೆ ಬಟ್ಟೆ. ಕಾಲೇಜಿನ ಅಂಚೆ ಕೋಣೆಯಲ್ಲಿ ಅವಳಿಗೆ ಕೆಲಸವಿದ್ದ ಕಾಲದಲ್ಲಿ ಇದೆಲ್ಲ ಮುಗಿಸಿ, ಅಲ್ಲಿಗೂ ಹೋಗಿ ಪಾರ್ಸೆಲ್ ಹೊರುತ್ತಿದ್ದಳು. ಸಂಜೆ ಕರ್ಟ್ ಸೋಫಾದಲ್ಲಿ ಕಾಲು ಚಾಚಿ, "ಎಷ್ಟು ಸಲೀಸಾಗಿ ನಡೀತಲ್ಲಾ!" ಅನ್ನುತ್ತಿದ್ದ.

ಆಗೆಲ್ಲ ಅವಳಿಗೆ ಉರಿ ಇರಲಿಲ್ಲ. ಹುಡುಗರಿಗೆ ಬಡಿಸುವುದು ಅವಳಿಗೆ ಇಷ್ಟವೇ. ಅಂಚೆ ಕೋಣೆಯ ಕೆಲಸದಿಂದ ನಿವೃತ್ತಿಯಾದ ವಸಂತದಲ್ಲಿ, ಕರ್ಟ್ ಕಾಲೇಜಿಗೆ ಹೋದ ಒಂದು ಮಧ್ಯಾಹ್ನ, ಊರಾಚೆ ಜೋಳ ತುಂಬಿಡುವ ಎತ್ತರದ ಗೋಪುರಗಳ ಹಿಂದಿನ ಜಲ್ಲಿ ರಸ್ತೆಯಲ್ಲಿ ನಡೆಯಲು ಹೋದವಳು ಇದ್ದಕ್ಕಿದ್ದಂತೆ ಓಡಿದಳು. ಯಾಕೆಂದು ಅವಳಿಗೇ ಗೊತ್ತಿಲ್ಲ. ಸುತ್ತ ಯಾರೂ ಇರಲಿಲ್ಲ, ಗಾಳಿ ಹಿಂದಿನಿಂದ ಬೀಸುತ್ತಿತ್ತು. ಸ್ವಲ್ಪ ದೂರಕ್ಕೇ ದಮ್ಮು ಕಟ್ಟಿ ಮೊಣಕಾಲಿಗೆ ಕೈಯೂರಿ ನಿಂತು ನಕ್ಕಳು. ಮರುದಿನವೂ ಹೋದಳು. ಪಕ್ಕದೂರಿನ ಅಂಗಡಿಯಿಂದ ಶೂ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟಳು. ಕರ್ಟ್‌ಗೆ ನಡೆಯಲು ಹೋಗುತ್ತೇನೆ ಅನ್ನುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಗೋಪುರದಿಂದ ಹೊಳೆಯ ಸೇತುವೆಯವರೆಗೆ ನಿಲ್ಲದೆ ಹೋಗಿ ಬರುತ್ತಿದ್ದಳು, ಅರವತ್ತೈದು ದಾಟಿದ ಹೆಂಗಸು.

ಅದೇ ಬೇಸಿಗೆಯ ಕೊನೆಗೆ ಹಿಮೆನಾ ಬಂದಳು. ಹಿಮೆನಾ ಅರಿಯಾಗ, ನ್ಯೂ ಮೆಕ್ಸಿಕೋದವಳು, ಮೂವತ್ತರ ಆಸುಪಾಸು. ಕೋಣೆಯ ಬಾಗಿಲು ಹಾಕಿಕೊಂಡು ಫೋನು ತಿಕ್ಕುತ್ತ ಮಲಗುವ ವಿದ್ಯಾರ್ಥಿಗಳನ್ನು ಹೇಗಾದರೂ ಮಾಡಿ ಮೈ ಅಲ್ಲಾಡಿಸುವಂತೆ ಮಾಡಬೇಕೆಂದು ಕಾಲೇಜು ಅವಳನ್ನು ನೇಮಿಸಿತ್ತು. ಕರ್ಟ್‌ನ ಓಟವನ್ನೇ ಇಡೀ ಕಾಲೇಜಿನ ಓಟ ಮಾಡೋಣ ಅಂದಳು. ಓಡಲು ಬಾರದವರೂ, ನಡೆಯುವವರೂ ಬರಲಿ. ನಾನೇ ಕೊನೆಯವನಾದರೆ ಎಂಬ ಹೆದರಿಕೆಯಿಂದ ಹುಡುಗರು ಬರುವುದಿಲ್ಲ, ಆದ್ದರಿಂದ ಎಲ್ಲರಿಗಿಂತ ಹಿಂದೆ ಯಾವಾಗಲೂ ಒಬ್ಬರು ದೊಡ್ಡವರಿರಬೇಕು. ಆ ಜಾಗಕ್ಕೆ ಅವಳಿಟ್ಟ ಹೆಸರು 'ಬಾಲ'. ಬಾಲಕ್ಕೆಂದು ಕಿತ್ತಳೆ ಅಂಗಿ ಹೊಲಿಸಿದಳು, ಬೆನ್ನ ಮೇಲೆ 'ನನ್ನ ಹಿಂದೆ ಯಾರೂ ಇಲ್ಲ' ಎಂದು ಬರೆಸಿದಳು.

ಅಂಗಿಯನ್ನು ಎತ್ತಿಕೊಂಡು ಅವಳು ನೇರ ಬಂದದ್ದು ಮಾರ್ಲಿಸ್‌ಳ ಅಡುಗೆಮನೆಗೆ.

"ಮಾರ್ಲಿಸ್, ಬಾಲ ನೀವಾಗ್ತೀರಾ? ಹುಡುಗರಿಗೆಲ್ಲ ನಿಮ್ಮನ್ನ ಕಂಡ್ರೆ ಇಷ್ಟ. ನಿಮ್ಮಷ್ಟು ಸರಿಯಾದೋರು ಈ ಊರಲ್ಲಿ ಇನ್ನೊಬ್ರಿಲ್ಲ."

ಮಾರ್ಲಿಸ್ ತಿರುಗಿ ಸಿಂಕಿನ ಕಡೆ ಮುಖ ಮಾಡಿ, ಆಗಲೇ ಒಣಗಿದ್ದ ತಟ್ಟೆಯನ್ನು ಒರೆಸತೊಡಗಿದಳು.

"ಅಯ್ಯೋ, ನನ್ನ ಕೈಲೆಲ್ಲಿ ಆಗತ್ತೆ! ಈ ವಯಸ್ಸಲ್ಲಿ ನನ್ನನ್ನ ಆ ಅಂಗೀಲಿ ನೋಡಿದ್ರೆ ಟ್ರಾಫಿಕ್ಕೇ ನಿಂತುಹೋಗತ್ತೆ."

ಹಿಮೆನಾ ನಕ್ಕಳು. "ಪರವಾಗಿಲ್ಲ, ಬೇಡ ಅಂದ್ರೆ ಬೇಡ. ಮನಸ್ಸಿಲ್ಲದ್ದನ್ನ ನಾನು ಯಾರಿಗೂ ಬಲವಂತ ಮಾಡಲ್ಲ. ಹೇಳಿದ್ರಲ್ಲ, ಥ್ಯಾಂಕ್ಸ್." ಮಾರ್ಲಿಸ್‌ಳ ಭುಜವನ್ನು ಮೆಲ್ಲಗೆ ಒತ್ತಿ, ಅಂಗಿಯನ್ನು ಮಡಚಿ ಬಗಲಿಗಿಟ್ಟುಕೊಂಡು ಹೋಗಿಯೇಬಿಟ್ಟಳು.

ಮಾರ್ಲಿಸ್ ತಟ್ಟೆ ಹಿಡಿದು ನಿಂತೇ ಇದ್ದಳು. ಹಿಮೆನಾಳನ್ನು ತಪ್ಪೆನ್ನುವ ಹಾಗೂ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆಲ್ಲ ಅವಳು ಸಭಾಂಗಣದಲ್ಲಿ ಕೂರಿಸಿ ಹೇಳಿಕೊಡುವುದೇ ಅದು: ಯಾರಾದರೂ ಬೇಡ ಅಂದರೆ ಬೇಡ ಅಂತಲೇ ಅರ್ಥ, ಎರಡನೇ ಸಲ ಕೇಳಬಾರದು. ಆ ಮಾತು ಕೇಳಿ ಮಾರ್ಲಿಸ್, ನಮ್ಮ ಕಾಲದಲ್ಲಿ ಹುಡುಗರಿಗೆ ಇದನ್ನ ಯಾರಾದ್ರೂ ಹೇಳಿಕೊಟ್ಟಿದ್ರೆ, ಎಂದುಕೊಂಡಿದ್ದಳು. ಆದರೂ ಅವಳು ವಾರವಿಡೀ ಕಾದಳು. ಎರಡನೇ ಸಲಕ್ಕೆ ಉತ್ತರವನ್ನು ಬಾಯಲ್ಲೇ ಸಿದ್ಧಮಾಡಿಟ್ಟುಕೊಂಡಿದ್ದಳು. ಹಿಮೆನಾ ಎರಡು ಸಲ ಮನೆಗೆ ಬಂದಳು, ಎರಡು ಸಲವೂ ಕುರ್ಚಿಗಳ ವಿಷಯ ಮಾತಾಡಿ ಹೋದಳು.

ಮೊದಲ ಗುರುವಾರ ಕಿಟಕಿಯಲ್ಲಿ ಜೀನಾ ಕಂಡಳು.

ಜೀನಾ ಪೆಟ್ರಿಲ್ಲೊ ತೀರಿಹೋದ ಸಂಗೀತದ ಮೇಷ್ಟ್ರ ಹೆಂಡತಿ, ನ್ಯೂ ಜೆರ್ಸಿಯವಳು. ಈ ಊರಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಇನ್ನೂ ಹೊರಗಿನವಳೇ. ಯಾಕೆಂದರೆ ಮೊದಲ ಸಲ ಕೇಳಿದಾಗಲೇ ಹೂಂ ಅನ್ನುತ್ತಾಳೆ, ತಟ್ಟೆಯ ಕೊನೆಯ ತುಂಡನ್ನು ಇಡಿಯಾಗಿ ಎತ್ತಿಕೊಳ್ಳುತ್ತಾಳೆ. ಕಾಲಿನ ಹೆಬ್ಬೆರಳು ವಕ್ರವಾಗಿರುವುದರಿಂದ ಓಡುವುದಕ್ಕಿಂತ ನಡೆಯುವುದೇ ಜಾಸ್ತಿ. ನಡೆಯುತ್ತ ಹಾಡುತ್ತಾಳೆ. ಹುಡುಗರು ಒಂದೇ ವಾರದಲ್ಲಿ ಅವಳಿಗೆ 'ಬಾಲದಮ್ಮ' ಎಂದು ಹೆಸರಿಟ್ಟರು. ಅಡುಗೆಮನೆಗೆ ಬಂದು ಅವಳ ಸುತ್ತ ನಿಂತು ಅವಳ ಮಾತಿಗೆ ಹೋ ಎಂದು ನಗುತ್ತ, ಕೈ ಮಾತ್ರ ಮಾರ್ಲಿಸ್‌ಳ ಕಡೆ ಚಾಚಿ ತಟ್ಟೆ ಒಡ್ಡುತ್ತಿದ್ದರು.

"ಮಾರ್ಲಿಸ್, ಚಿನ್ನಾ, ನೀನು ನೋಡಬೇಕಿತ್ತು ಕಣೇ!" ಜೀನಾ ಕುರ್ಚಿಯಲ್ಲಿ ಕುಸಿದು ಶೂ ಕಳಚುತ್ತಿದ್ದಳು. "ಹೊಳೆ ಮೇಲೆ ಮಂಜು, ಅದರ ಮೇಲೆ ಸೂರ್ಯ! ನೀನೂ ಒಂದಿನ ಎದ್ದು ಹೊರಗೆ ಬಾರೇ. ಯಾವಾಗ ನೋಡಿದ್ರೂ ಒಲೆ ಮುಂದೆನೇ ಇರ್ತೀಯ."

"ಹೌದಾ," ಅಂದಳು ಮಾರ್ಲಿಸ್. "ಚೆನ್ನಾಗಿರತ್ತೇನೋ."

ಕಾವಲಿಯ ಮೊದಲ ಪ್ಯಾನ್‌ಕೇಕ್ ಎಂದೂ ಸರಿ ಬರುವುದಿಲ್ಲ. ಒಂದು ಕಡೆ ಬಿಳಿಚಿಕೊಂಡು ಇನ್ನೊಂದು ಕಡೆ ಸೀದಿರುತ್ತದೆ. ಅದನ್ನು ಇಷ್ಟು ವರ್ಷ ಅವಳು ತಾನೇ ತಿನ್ನುತ್ತಿದ್ದಳು. ಆವತ್ತಿನಿಂದ ಅದನ್ನು ತೆಗೆದಿಟ್ಟು ಜೀನಾಳ ತಟ್ಟೆಗೆ ಹಾಕತೊಡಗಿದಳು. ಲಿಂಗನ್‌ಬೆರಿ ಜಾಮಿನ ಬಾಟಲಿಯನ್ನು ಜೀನಾಳ ಕೈಗೆಟುಕದಂತೆ ಮೇಜಿನ ಆ ಕೊನೆಗೆ ಇಟ್ಟಳು. ಇಷ್ಟು ಸಣ್ಣತನ ತನ್ನಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಜೀನಾ ಸೀದದ್ದನ್ನು, "ಆಹಾ, ಗರಿಗರಿ!" ಎಂದು ಚಪ್ಪರಿಸಿ ತಿಂದು, ಎದ್ದುಹೋಗಿ ಜಾಮಿನ ಬಾಟಲಿ ತಂದುಕೊಂಡಳು. ಸೇಡಿಗೆ ಅಷ್ಟು ಸುಖವೂ ಸಿಗಲಿಲ್ಲ.

ಅಕ್ಟೋಬರಿನಲ್ಲಿ ಕಾಲೇಜಿನ ಪತ್ರಿಕೆಯವರು ಬಂದು ಫೋಟೋ ತೆಗೆದರು. ಫೋಟೋದವನು ಕರ್ಟ್‌ನ ಕೈಗೆ ಸಟ್ಟುಗ ಕೊಟ್ಟು, ಮಾರ್ಲಿಸ್‌ಳ ಏಪ್ರನ್ ಕೇಳಿ ಪಡೆದು ಅವನಿಗೆ ಕಟ್ಟಿಸಿದ. ಪತ್ರಿಕೆ ಬಂದಾಗ ತಲೆಬರಹ ಹೀಗಿತ್ತು: 'ಓಡಿಸುವ ಮೇಷ್ಟ್ರು, ಉಣಿಸುವ ಮೇಷ್ಟ್ರು'. ಚಿತ್ರದ ಅಂಚಿನಲ್ಲಿ ಒಂದು ಮೊಣಕೈ ಬಂದಿತ್ತು. ಅದು ಮಾರ್ಲಿಸ್‌ಳದು.

"ಚೆನ್ನಾಗಿ ಬಂದಿದೆ ಅಲ್ವಾ?" ಕರ್ಟ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

"ಬೇರೆ ಥರಾ ಇದೆ," ಅಂದಳು ಮಾರ್ಲಿಸ್. ಆ ಊರಿನಲ್ಲಿ ಅದಕ್ಕಿಂತ ಕಟುವಾದ ಬೈಗುಳ ಇಲ್ಲ. ಕರ್ಟ್‌ಗೆ ಅದು ಗೊತ್ತು. ಅವನು ಹಾಲು ತೆಗೆದುಕೊಂಡು ಫ್ರಿಜ್ಜಿನ ಬಾಗಿಲು ಮುಚ್ಚಿದ.

ಓಟದಲ್ಲಿ ಹಿಂದುಳಿಯುವವರ ಗುಂಪಿನಲ್ಲಿ ಪಹುವಾ ಎಂಬ ಹುಡುಗಿಯಿದ್ದಳು, ಸೇಂಟ್ ಪಾಲ್‌ನವಳು, ಏಷ್ಯಾದಿಂದ ವಲಸೆ ಬಂದ ಹ್ಮಾಂಗ್ ಮನೆತನದವಳು, ಎರಡನೇ ವರ್ಷ. ಅವಳೊಬ್ಬಳೇ ತಿಂದಮೇಲೆ ಉಳಿದು ತಟ್ಟೆ ಒರೆಸುತ್ತಿದ್ದಳು. ಬೇಡ ಅಂದರೂ ಕೇಳುತ್ತಿರಲಿಲ್ಲ. "ನಮ್ಮನೇಲಿ ತಿಂದ ತಟ್ಟೆ ಹಾಗೇ ಬಿಟ್ಟು ಎದ್ರೆ ನಮ್ಮಮ್ಮ ಚಪ್ಪಲಿ ಎಸೀತಾಳೆ," ಅನ್ನುತ್ತಿದ್ದಳು. ಅಕ್ಟೋಬರಿನ ಕೊನೆಯ ಗುರುವಾರ ಅವಳು ಬಟ್ಟೆ ಹಿಂಡುತ್ತ ಕೇಳಿದಳು.

"ನೀವು ಯಾಕೆ ಓಡಲ್ಲ?"

"ನಾನಾ? ನನಗೆಲ್ಲಿ ಬರತ್ತೆ."

"ಸುಳ್ಳು. ಜೋಳದ ಗೋಪುರದ ಹಿಂದಿನ ರಸ್ತೇಲಿ ನಿಮ್ಮನ್ನ ನೋಡಿದೀನಿ. ಬಸ್ಸಲ್ಲಿದ್ದೆ. ಬಸ್ಸಿನ ಜೊತೆ ಪಂದ್ಯ ಕಟ್ಟಿದ ಹಂಗೆ ಓಡ್ತಿದ್ರಿ."

"ಯಾರೋ ಬೇರೆಯವರಿರಬೇಕು."

"ನಿಮ್ಮ ನೀಲಿ ಸ್ವೆಟರೇ ಆಗಿತ್ತು." ಪಹುವಾ ತಟ್ಟೆಯನ್ನು ಮೇಲಿಟ್ಟಳು. "ನಮ್ಮಮ್ಮನೂ ಹೀಗೇ. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾಳೆ, ಆಮೇಲೆ ಕರೀಲಿಲ್ಲ ಅಂತ ಅಳ್ತಾಳೆ. ನಾನಾದ್ರೆ ಹತ್ತು ಸಲ ಕರೀತೀನಿ, ನಂಗೆ ಗೊತ್ತು. ಗೊತ್ತಿಲ್ದೋರು ಏನ್ ಮಾಡ್ತಾರೆ?"

ಆ ವಾರ ಹಿಮೆನಾ ತಾನು ಒಯ್ದಿದ್ದ ಕುರ್ಚಿ ವಾಪಸು ಕೊಡಲು ಬಂದಾಗ, ಮಾರ್ಲಿಸ್ ತನ್ನ ಊರಿನವರ ರೀತಿಯಲ್ಲಿ ಮಾತು ತೆಗೆದಳು.

"ಹಿಂದಿನ ಗುಂಪು ದೊಡ್ಡದಾಗಿದೆ. ಒಬ್ಬರಿಗೇ ಕಷ್ಟ ಆಗಬಹುದೇನೋ."

"ಇಲ್ಲಪ್ಪಾ, ಜೀನಾ ಸೂಪರ್! ನೀವು ಬೇಡ ಅಂದದ್ದೇ ಒಳ್ಳೇದಾಯ್ತು ಅನ್ನೋ ಹಂಗೆ ಮಾಡ್ತಿದಾರೆ," ಎಂದು ಹಿಮೆನಾ ಖುಷಿಯಿಂದ ಹೇಳಿದಳು. ಆಮೇಲೆ ಏನೋ ನೆನಪಾದವಳಂತೆ ಮುಂದುವರಿಸಿದಳು, "ನಂಗೆ ಆವತ್ತು ಒಂದು ಅನುಮಾನ ಇತ್ತು. ನಿಮ್ಮ ಮುಖ ನೋಡಿದ್ರೆ ನಿಜವಾಗ್ಲೂ ಬೇಡ ಅಂತಿದೀರಾ ಅಂತ ಗೊತ್ತಾಗ್ಲಿಲ್ಲ. ಮತ್ತೆ ನಿಮ್ಮನ್ನೇ ಕೇಳಿದ್ರೆ ತಪ್ಪಾಗತ್ತೆ ಅಂತ ಕರ್ಟ್‌ನ ಕೇಳ್ದೆ. ಅವರು, ಇಲ್ಲ, ಅವಳು ಹೇಳಿದ್ದು ಹೇಳಿದ್ದೇ, ಅವಳಿಗೆ ಅಡುಗೆಮನೇಲೇ ಖುಷಿ ಅಂದ್ರು. ಆಮೇಲೇ ನಾನು ಜೀನಾ ಹತ್ರ ಹೋದದ್ದು."

ಮಾರ್ಲಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಹಿಮೆನಾಗೆ ಈ ಊರಿನ ನಡತೆ ಗೊತ್ತಿರಲಿಲ್ಲ. ಜೀನಾಗೆ ಗೊತ್ತಿದ್ದರೂ ಅವಳು ಕೇರ್ ಮಾಡಿದವಳಲ್ಲ. ಅದು ಚೆನ್ನಾಗಿ ಗೊತ್ತಿದ್ದವನು, ಒಂದು ಬೇಡ ಅಂದರೆ ಎಷ್ಟು ಬೇಡ ಎಂದು ಲೆಕ್ಕ ತಿಳಿದಿದ್ದವನು ಒಬ್ಬನೇ. ಮೂರು ಸಲ ಕೇಳಿ ಅವಳನ್ನು ಮನೆಗೆ ಕರೆತಂದವನು.

ಮಧ್ಯಾಹ್ನ ಕರ್ಟ್ ಊಟಕ್ಕೆ ಬಂದ. ಅವಳು ಸೂಪು ಬಡಿಸಿದಳು.

"ಹಿಮೆನಾ ನಿನ್ನನ್ನ ಏನೋ ಕೇಳಿದ್ಳಂತೆ."

"ಏನು?"

"ಬಾಲದ ವಿಷಯ. ಬೇಸಿಗೇಲಿ."

ಕರ್ಟ್ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ. ಮೂಲೆ ಮೂಲೆಗೂ ಹಚ್ಚಿದ. "ನೀನು ಬೇಡ ಅಂದಿದ್ದೆ ತಾನೆ?"

"ಅಂದಿದ್ದೆ. ಒಂದು ಸಲ."

ಅವನು ತಲೆಯೆತ್ತಿ ನೋಡಿದ, ಮತ್ತೆ ಬ್ರೆಡ್ಡಿನ ಕಡೆ ನೋಡಿದ. ಆಮೇಲೆ ತಮಾಷೆ ಮಾಡುವವನಂತೆ ನಕ್ಕು, "ಮತ್ತೆ ಕಾವಲಿ ಹತ್ರ ಯಾರು ನಿಲ್ತಿದ್ರು ಮಾರ್ಲಿಸ್?" ಅಂದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಸೂಪಿನ ಪಾತ್ರೆ ಮುಚ್ಚಿಟ್ಟು, ಕಾರಿನ ಕೀಲಿ ತೆಗೆದುಕೊಂಡು ಜಲ್ಲಿ ರಸ್ತೆಗೆ ಹೋದಳು. ಓಡುತ್ತಿದ್ದಂತೆ ಒಂದೊಂದೇ ಹೊಟ್ಟೆಕಿಚ್ಚು ಎದ್ದು ಬಂತು. ಜೀನಾಳ ಅಂಗಿ, ಜೀನಾಳ ಸುತ್ತಲಿನ ನಗು. ಓಡಿ ಬಂದ ಕೂಡಲೇ ಸಿದ್ಧ ತಿಂಡಿಗೆ ಕೈಯೊಡ್ಡುವ ಹುಡುಗಿಯರು. ಅವರ ವಯಸ್ಸಿಗಲ್ಲ, ಎದ್ದ ಕೂಡಲೇ ಹೊರಗೆ ಹೋಗಬಹುದಾದ ಅವರ ಬೆಳಗಿಗೆ ಅವಳಿಗೆ ಹೊಟ್ಟೆಕಿಚ್ಚು. ಎಲ್ಲಕ್ಕಿಂತ ಹೆಚ್ಚಾಗಿ ಕರ್ಟ್‌ನ ಮೇಲೆ. ಇಷ್ಟು ವರ್ಷ ಅವನ ಗುರುವಾರಗಳು ಬರೀ ಓಟವಾಗಿದ್ದವು. ಹಿಟ್ಟಿನ ಯೋಚನೆಯಿಲ್ಲದೆ, ಒಲೆ ಆರಿಸಿದೆನಾ ಎಂಬ ಅನುಮಾನವಿಲ್ಲದೆ ಅವನು ಹೊಳೆಯ ಮೇಲಿನ ಮಂಜು ನೋಡಿದ್ದ.

ಮುಂದಿನ ಬುಧವಾರ ಅವಳು ಮೊಟ್ಟೆ, ಮಜ್ಜಿಗೆ ತಂದಿಟ್ಟಳು. ಹಿಟ್ಟು ಜರಡಿ ಹಿಡಿಯಲಿಲ್ಲ. ಗುರುವಾರ ಕರ್ಟ್ ಬಚ್ಚಲಿನಲ್ಲಿದ್ದಾಗಲೇ ನೀಲಿ ಸ್ವೆಟರು ತೊಟ್ಟು, ಡಿಕ್ಕಿಯಿಂದ ಶೂ ತೆಗೆದು ಹಾಕಿಕೊಂಡು ಹೊರಟಳು.

ಜಿಮ್ಮಿನ ಮುಂದೆ ಹುಡುಗರು ಕೈ ಉಜ್ಜುತ್ತ, ಕುಣಿಯುತ್ತ ನಿಂತಿದ್ದರು. ನವೆಂಬರಿನ ಮೊದಲ ಹೆಪ್ಪುಗಟ್ಟಿದ ಇಬ್ಬನಿ ಹುಲ್ಲಿನ ಮೇಲೆ ಬಿದ್ದಿತ್ತು. ಜೀನಾ ಕಿತ್ತಳೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮಾರ್ಲಿಸ್ ನೇರ ಅವಳ ಮುಂದೆ ಹೋಗಿ ನಿಂತಳು. ಇಂಥ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ.

"ಜೀನಾ, ಆ ಅಂಗಿ ನನಗೆ ಬೇಕು."

"ಯಾಕೇ, ಚಳಿನಾ?"

"ಚಳಿ ಅಲ್ಲ. ಬಾಲ ನಾನಾಗಬೇಕು. ಹಿಮೆನಾ ಮೊದಲು ನನ್ನನ್ನೇ ಕೇಳಿದ್ದು. ನಾನು ಬೇಡ ಅಂದೆ, ಆದರೆ ನನಗೆ ಬೇಕಿತ್ತು. ಎರಡು ತಿಂಗಳಿಂದ ನಿನ್ನನ್ನ ಕಂಡ್ರೆ ನನಗೆ ಹೊಟ್ಟೆ ಉರಿ."

ಹಿಮೆನಾ ಬಾಯಿಗೆ ಕೈ ಅಡ್ಡ ಹಿಡಿದಳು. ಜೀನಾ ಕಣ್ಣು ಅಗಲಿಸಿ ನೋಡಿದಳು, ಆಮೇಲೆ ತಲೆ ಹಿಂದಕ್ಕೆ ಒಗೆದು ನಕ್ಕಳು.

"ಅದಕ್ಕೇನಾ ಮಹಾರಾಯ್ತಿ ನಂಗೆ ಪ್ರತಿ ಸಲ ಸೀದಿದ್ದು ಹಾಕ್ತಿದ್ದೆ?"

ಮಾರ್ಲಿಸ್‌ಳ ಕಿವಿ ಬಿಸಿಯಾಯಿತು. "ಹೌದು."

"ಬಾಯಿ ಬಿಟ್ಟು ಹೇಳೋಕೆ ನಿನಗೆ ಇಷ್ಟು ದಿನ ಬೇಕಾಯ್ತಾ? ಮೂವತ್ತು ವರ್ಷದಿಂದ ನೀವೆಲ್ಲ ಏನ್ ಯೋಚ್ನೆ ಮಾಡ್ತೀರಿ ಅಂತ ನಂಗೊಂದಿನನೂ ಗೊತ್ತಾಗಿಲ್ಲ ಕಣೇ." ಜೀನಾ ಕೊನೆಯ ಗುಂಡಿಯನ್ನೂ ಹಾಕಿಕೊಂಡಳು. "ಆದ್ರೆ ಅಂಗಿ ಕೊಡಲ್ಲ, ಚಿನ್ನಾ. ನನ್ನ ಗಂಡ ಹೋದ್ಮೇಲೆ ಜನ ನನಗೇ ಅಂತ ಒಂದು ಹೆಸರಿಟ್ಟು ಕರೆಯೋದು ಇಲ್ಲೊಂದೇ ಕಡೆ. ಇದು ಈಗ ನಂದು."

ಮಾರ್ಲಿಸ್ ಅಷ್ಟನ್ನು ಎಣಿಸಿರಲಿಲ್ಲ. ಬಾಯಿ ಬಿಟ್ಟು ಕೇಳಿದರೆ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದಳು. ಕೇಳಿ ಅಭ್ಯಾಸವಿಲ್ಲದವರು ಹಾಗೇ ಅಂದುಕೊಳ್ಳುತ್ತಾರೆ. ಅವಳಿಗೆ ಅಲ್ಲೇ ತಿರುಗಿ ಮನೆಗೆ ಹೋಗಬೇಕೆನಿಸಿತು. ಹೋದರೆ ಹಿಟ್ಟು ಕಲಸಲು ಇನ್ನೂ ಹೊತ್ತಿತ್ತು.

"ಬಾಲನೇ ಯಾಕೆ ಬೇಕು ನಿಮಗೆ?" ಪಕ್ಕದಿಂದ ಪಹುವಾ ಕೇಳಿದಳು. "ಅದು ನನ್ನ ಥರದೋರ ಜೊತೆ ತೆವಳೋಕೆ. ನೀವು ಓಡ್ತೀರಲ್ಲ."

ಅಷ್ಟರಲ್ಲಿ ಕರ್ಟ್ ಹಳದಿ ಟೋಪಿ ಎಳೆದುಕೊಳ್ಳುತ್ತ ಬಂದವನು ಅವಳನ್ನು ಕಂಡು ನಿಂತ. ಅವನ ಕಣ್ಣು ಅವಳ ಮುಖಕ್ಕಿಂತ ಮೊದಲು ಶೂಗಳ ಮೇಲೆ ಬಿತ್ತು. ಸವೆದ ಶೂ.

"ಹಿಟ್ಟು...?" ಅಂದ.

"ಮೊಟ್ಟೆ ತಂದಿಟ್ಟಿದೀನಿ. ಹಿಟ್ಟು ಡಬ್ಬೀಲಿದೆ," ಅಂದಳು ಮಾರ್ಲಿಸ್.

ಹಿಮೆನಾ ಸೀಟಿ ಊದಿದಳು. ಬಾಲದ ಆಸೆ ಬಿಟ್ಟ ಮೇಲೆ ಹಿಂದೆ ಉಳಿಯಲು ಮಾರ್ಲಿಸ್‌ಗೆ ಕಾರಣವೇ ಇರಲಿಲ್ಲ. ಮೊದಲು ನಡುವಿನ ಗುಂಪಿನಲ್ಲಿ ಓಡಿದಳು. ಹೊಳೆಯ ದಾರಿಗೆ ಬರುವಾಗ ಆ ಗುಂಪನ್ನು ದಾಟಿದಳು. ಮುಂದೆ ಕರ್ಟ್‌ನ ಬೆನ್ನು ಕಾಣುತ್ತಿತ್ತು. ಅವನು ಇಷ್ಟು ನಿಧಾನವಾಗಿ ಓಡುತ್ತಾನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಿಟಕಿಯಲ್ಲಿ ಒಂದು ಗಳಿಗೆ ಕಾಣುವ ಟೋಪಿ ನೋಡಿ ಅವನನ್ನು ದೊಡ್ಡ ಓಟಗಾರ ಎಂದುಕೊಂಡಿದ್ದಳು. ಅವಳು ಪಕ್ಕಕ್ಕೆ ಬಂದಾಗ ಅವನು ಓಟ ಜೋರು ಮಾಡಲು ನೋಡಿದ. ಅವಳು ದಾಟಿ ಹೋದಳು. ಹೊಳೆಯ ಮೇಲೆ ಮಂಜಿತ್ತು. ಜೀನಾ ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಅದಕ್ಕೂ ಅವಳಿಗೆ ಕಿಚ್ಚಾಯಿತು.

ಮನೆಗೆ ಬಂದಾಗ ಒಲೆ ತಣ್ಣಗಿತ್ತು. ಹುಡುಗರು ಅಡುಗೆಮನೆಯ ಬಾಗಿಲಲ್ಲಿ ಗುಂಪುಕಟ್ಟಿ ನಿಂತು ಖಾಲಿ ಮೇಜು ನೋಡಿದರು, ಆಮೇಲೆ ಮಾರ್ಲಿಸ್‌ಳನ್ನು ನೋಡಿದರು. ಮಾರ್ಲಿಸ್ ಒಂದು ಕುರ್ಚಿ ಎಳೆದು ಕೂತಳು. ಬೆವರು ಕುತ್ತಿಗೆಯಲ್ಲಿ ತಣ್ಣಗಾಗುತ್ತಿತ್ತು. ಕೊನೆಗೆ ಕರ್ಟ್ ಕಪಾಟು ತೆರೆದ. ಮುಚ್ಚಿ ಇನ್ನೊಂದನ್ನು ತೆರೆದ.

"ದೊಡ್ಡ ಬಟ್ಟಲು ಎಲ್ಲಿದೆ ಮಾರ್ಲಿಸ್?"

"ಯಾವಾಗ್ಲೂ ಇರೋ ಕಡೆ."

ಹಿಟ್ಟು ನೆಲಕ್ಕೆ ಚೆಲ್ಲಿತು. ಮೊಟ್ಟೆಯ ಸಿಪ್ಪೆ ಬಟ್ಟಲಿಗೆ ಬಿತ್ತು. ಬೆಣ್ಣೆ ಕಪ್ಪಗಾಗಿ ಹೊಗೆಯೆದ್ದಿತು. ಆದರೂ ಹೇಗೋ ಒಂದು ದಪ್ಪನೆಯ ಪ್ಯಾನ್‌ಕೇಕನ್ನು ಕರ್ಟ್ ಸಟ್ಟುಗದಿಂದೆತ್ತಿ ತಟ್ಟೆಗೆ ಹಾಕಿದ. ಯಾರೋ ಒಬ್ಬ ಹುಡುಗ, "ಪ್ರೊಫೆಸರ್, ಭೇಷ್!" ಎಂದು ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕರ್ಟ್ ಸಟ್ಟುಗ ಎದೆಗಿಟ್ಟುಕೊಂಡು ಬಾಗಿ ವಂದಿಸಿದ.

ಮಾರ್ಲಿಸ್‌ಳ ಹೊಟ್ಟೆಯಲ್ಲಿ ಉರಿ ಮತ್ತೆ ಭುಗ್ಗೆಂದಿತು, ಜೀನಾಳನ್ನು ಕಂಡಾಗಿನದಕ್ಕಿಂತ ಜೋರಾಗಿ. ಇಷ್ಟು ವರ್ಷ ಇಷ್ಟು ಸಾವಿರ ಪ್ಯಾನ್‌ಕೇಕಿಗೆ ಅವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಥ್ಯಾಂಕ್ಸ್ ಅಂದಿದ್ದರು, ತಟ್ಟೆ ಒಡ್ಡಿದ್ದರು. ಒಂದು ಸುಟ್ಟ ಪ್ಯಾನ್‌ಕೇಕಿಗೆ ಇವನಿಗೆ ಇಷ್ಟು!

ಆ ಪ್ಯಾನ್‌ಕೇಕ್ ಅವಳ ಮುಂದೆಯೇ ಬಂದು ಕೂತಿತು. ಅವಳು ಚಾಕುವಿನಿಂದ ಕತ್ತರಿಸಿದಳು. ಒಳಗಿನಿಂದ ಹಸಿ ಹಿಟ್ಟು ಜಾರಿತು. ಆ ಊರಿನಲ್ಲಿ ಇಂಥ ಹೊತ್ತಿಗೆ ಎಲ್ಲರೂ ಹೇಳುವ ಮಾತೊಂದಿತ್ತು, ಪರವಾಗಿಲ್ಲ, ಚೆನ್ನಾಗೇ ಇದೆ ಎಂದು. ಅದು ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು.

"ಒಳಗೆ ಬೆಂದಿಲ್ಲ, ಕರ್ಟ್."

ಚಪ್ಪಾಳೆ ನಿಂತಿತು. ಕರ್ಟ್ ತಿರುಗಿ ನೋಡಿದ. ಕೆನ್ನೆಯ ಮೇಲೆ ಹಿಟ್ಟು ಮೆತ್ತಿತ್ತು. ಮೂಲೆಯಲ್ಲಿ ಜೀನಾ ನಗು ತಡೆಯಲು ಕಿತ್ತಳೆ ಅಂಗಿಯನ್ನು ಬಾಯಿಗೆ ಒತ್ತಿಕೊಂಡಳು.

"ಉರಿ ಸಣ್ಣ ಮಾಡಬೇಕೇನೋ," ಅಂದ ಕರ್ಟ್, ಕೊನೆಗೆ.

"ಮಾಡು."

ಅವನು ಅಲ್ಲೇ ನಿಂತಿದ್ದ, ಅವಳು ಏಳುತ್ತಾಳೆಂದು. ಹೊಗೆಯ ವಾಸನೆಗೆ, ಚೆಲ್ಲಿದ ಹಿಟ್ಟಿಗೆ, ಹಸಿದ ಹುಡುಗರ ಮುಖಕ್ಕೆ ಅವಳ ಮೈಯೆಲ್ಲ ಎದ್ದು ನಿಲ್ಲಲು ತವಕಿಸುತ್ತಿತ್ತು. ಕಾಲು ತಾನಾಗಿ ಅಲುಗಾಡಿತು. ಅವಳು ಕುರ್ಚಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತಳು. ಕರ್ಟ್ ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡುವ ಗುಬುಟು ಹುಡುಕತೊಡಗಿದ.